ಕಬ್ಬು ಕಡಿದರೆ ಜಡ್ಡು ಇಲ್ಲ ಅಂತೀರೇನು?



ಕೌಜಲಗಿ, ಮೂಡಲಗಿ, ಗೋಕಾಕದ ಕಡೆ ಉಳ್ಳವರ ಮನೆಯಲ್ಲಿ ಒಬ್ಬನಿಗೆ ತಲೆ ಕೆಟ್ಟರೆ ಗಾಡಿ ಮಾಡಿಕೊಂಡು ಬೆಳಗಾವಿಗೋ ಧಾರವಾಡಕ್ಕೋ ಒಯ್ಯುತ್ತಾರೆ. ನಮ್ಮ ಕೇರಿಯಲ್ಲಿ ಕೆಟ್ಟರೆ ಮೊದಲು ಗುಡಿ, ಆಮೇಲೆ ಮಂತ್ರ, ಆಮೇಲೆ ಸಾಲ, ಕಡೆಗೆ ಹಗ್ಗ.

ಕಾಗದದಲ್ಲಿ ನಮಗೇನೂ ಕಡಿಮೆ ಇಲ್ಲ. 1995ರ ಕಾಯ್ದೆಯೇ ಮಾನಸಿಕ ಕಾಯಿಲೆಯನ್ನು ಅಂಗವಿಕಲತೆ ಅಂತ ಒಪ್ಪಿತು. 2016ರ ಕಾಯ್ದೆಯ 21 ಬಗೆಗಳಲ್ಲೂ ಅದಿದೆ. ಆದರೆ ಪಿಂಚಣಿ ಬೇಕಾದರೆ ಸರ್ಟಿಫಿಕೇಟಿನಲ್ಲಿ ಶೇಕಡಾ 40 ಇರಬೇಕು. ಕಾಲು ಮುರಿದರೆ ಕಣ್ಣಿಗೆ ಕಾಣುತ್ತದೆ. ತಲೆಯೊಳಗಿನ ಸಂಕಟ ಅಳೆಯೋದು ಹ್ಯಾಂಗ?

ಅದಕ್ಕೆ ಮನೋವೈದ್ಯರ ಸಂಘ 'ಐಡಿಯಾಸ್' ಅನ್ನುವ ಅಳತೆಗೋಲು ಮಾಡಿದೆ. ತನ್ನ ಮೈ ತಾನು ನೋಡಿಕೊಳ್ಳುತ್ತಾನಾ, ಮಂದಿ ಕೂಡ ಹೊಂದುತ್ತಾನಾ, ಮಾತು ತಿಳಿಯುತ್ತದಾ, ದಗದ ಮಾಡುತ್ತಾನಾ? ತೊಂದರೆ ಹೆಚ್ಚಾದಷ್ಟೂ ಅಂಕ ಹೆಚ್ಚು, ಒಂದೊಂದಕ್ಕೆ 4ರವರೆಗೆ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೆ ಮತ್ತೆ 4. ಒಟ್ಟು 20ರಲ್ಲಿ 7 ಬಂದರೆ ಶೇಕಡಾ 40ರ ಗೆರೆ ಮುಟ್ಟಿದ ಹಾಗೆ.

ನಮ್ಮ ತಕರಾರು ಇಲ್ಲೇ ಇದೆ. ಮನೆಯಲ್ಲಿ ಜ್ವಾಳ ಇಲ್ಲ. ಕಿವಿಯಲ್ಲಿ ಯಾರೋ ಬೈಯುವ ದನಿ ನಿಂತಿಲ್ಲ. ಆದರೂ ನಮ್ಮವನು ಗ್ಯಾಂಗಿನ ಜೊತೆ ಕಬ್ಬು ಕಡಿಯಲು ಹೋಗುತ್ತಾನೆ, ಹೋಗದಿದ್ದರೆ ಉಪವಾಸ. "ಕೆಲಸ ಮಾಡ್ತಾನಲ್ಲಪಾ" ಅಂತ ಬರೆದುಬಿಟ್ಟರೆ ಅಂಕ ಹೋಯಿತು. ಹತ್ತೆಕರೆ ಇದ್ದವನ ಮಗ ಅದೇ ಜಡ್ಡಿನಲ್ಲಿ ಕಟ್ಟೆ ಮೇಲೆ ಕೂತರೆ ಅಂಕ ಬಂತು! ಹಸಿವೆಯನ್ನು ಆರೋಗ್ಯ ಅಂತ ಓದುವ ಅಳತೆಗೋಲು ಇದು. ವರ್ಷದ ಲೆಕ್ಕವೂ ಅಷ್ಟೇ. ಹತ್ತು ವರ್ಷ ಗುಡಿಗೆ ಅಲೆದವನ ಹತ್ತಿರ ದವಾಖಾನಿ ಚೀಟಿ ಎಲ್ಲಿಂದ ಬರಬೇಕು? ಮನೆಯವರ ಮಾತನ್ನೂ ಕೇಳುತ್ತಾರೆ, ನಿಜ. ಆದರೆ ಅಪ್ಪ ಆ ದಿನದ ಕೂಲಿ ಬಿಟ್ಟು ಬಂದು ಸಾಹೇಬರ ಮುಂದೆ ಬಾಯಿ ಬಿಡಬೇಕಲ್ಲ.

ಅಧ್ಯಯನಕ್ಕೂ ಬರಗಾಲವಿಲ್ಲ. ಹಳ್ಳಿ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಅಲ್ಲೇ ಮಾತ್ರೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1985ರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. 1996ರಲ್ಲಿ ಅದು ದೇಶದ ಯೋಜನೆಯಾಯಿತು. ಅದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳ ಸಮೀಕ್ಷೆ ನಡೆಸಿತು. ಕಾಯಿಲೆಯ ಬಗೆ ನೋಡಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಅಂತ ಹೇಳಿತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ.

ಹಾಸ್ಟೆಲಿನ ಗೆಳೆಯರು ರಜೆಗೆ ಊರಿಗೆ ಹೋದಾಗ ಒಂದು ನೋಟುಬುಕ್ಕು ಒಯ್ಯಿರಿ. ಜಡ್ಡು ಯಾವ ವರ್ಷ ಶುರುವಾಯಿತು, ವಾರದಲ್ಲಿ ಎಷ್ಟು ದಿನ ದಗದ ತಪ್ಪಿತು, ಮುಕಾದಮ ಎಷ್ಟು ಸಲ ಹೊರಗೆ ಹಾಕಿದ, ಊಟ ಹಾಕಿದವರು ಯಾರು, ಎಲ್ಲ ತಾರೀಖು ಹಾಕಿ ಬರೆಯಿರಿ. ಡಾಕ್ಟರ ಮುಂದೆ ಅವ್ವ ಹೇಳಲಾರದ್ದನ್ನು ಈ ಬುಕ್ಕು ಹೇಳಲಿ. 2014ರ 'ಮನೋಚೈತನ್ಯ' ಯೋಜನೆಯ ಪ್ರಕಾರ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ಬರದಿದ್ದರೆ ಆ ತಾರೀಖನ್ನೂ ಬರೆದುಕೊಳ್ಳಿ. ಮನುಷ್ಯನನ್ನು ಸರಪಳಿಯಲ್ಲಿ ಕಟ್ಟಬಾರದು ಅಂತ 2017ರ ಕಾಯ್ದೆ ಹೇಳುತ್ತದೆ. ಆದರೆ ಕಟ್ಟಿದ ಅವ್ವನನ್ನು ಬೈಯಬೇಡಿ, ಮೊದಲು ಮಾತ್ರೆಯ ದಾರಿ ಹುಡುಕಿ. 14416ಕ್ಕೆ ಫೋನು ಹಚ್ಚಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ನೋಟುಬುಕ್ಕುಗಳನ್ನು ಮುಂದಿನ ಸಭೆಗೆ ತನ್ನಿ, ತಹಶೀಲ್ದಾರರ ಹತ್ತಿರ ಕೂಡಿಯೇ ಹೋಗೋಣ.