ಕ್ವಿಜ್ ಶೋನಲ್ಲಿ ಪ್ರಶ್ನೆಯೇ ತಪ್ಪಾದರೆ ನಷ್ಟ ಯಾರಿಗೆ? ಕೆಬಿಸಿ ವಿವಾದದಿಂದ ಬಾಂದ್ರಾ ಗ್ರಾಹಕ ಆಯೋಗದವರೆಗೆ

ಮುಂಬೈ: ಹಾಟ್ ಸೀಟ್‌ನಲ್ಲಿ ಕುಳಿತವರಿಗೆ ಒಂದು ತಪ್ಪು ಉತ್ತರ ಎಷ್ಟು ದುಬಾರಿ? 'ಕೌನ್ ಬನೇಗಾ ಕರೋಡ್‌ಪತಿ'ಯ (ಕೆಬಿಸಿ) 2021ರ ಆವೃತ್ತಿಯ ಲೆಕ್ಕ ನೋಡಿ. 50 ಲಕ್ಷ ರೂ. ಗೆದ್ದವರು 1 ಕೋಟಿಯ ಪ್ರಶ್ನೆಯಲ್ಲಿ ಎಡವಿದರೆ 3.20 ಲಕ್ಷಕ್ಕೆ ಇಳಿಯುತ್ತಿದ್ದರು. ಒಂದೇ ಕ್ಷಣದಲ್ಲಿ 46.80 ಲಕ್ಷ ರೂ. ಕೈತಪ್ಪುತ್ತಿತ್ತು. ಆದರೆ ಎಡವಟ್ಟು ಸ್ಪರ್ಧಿಯದ್ದಲ್ಲ, ಪ್ರಶ್ನೆಯದ್ದೇ ಆಗಿದ್ದರೆ?

ಸಂಸತ್ತಿನ ಪ್ರಶ್ನೆ ಎಬ್ಬಿಸಿದ ಚರ್ಚೆ

ಇಂಥ ಅನುಮಾನ 2021ರ ಸೆಪ್ಟೆಂಬರ್‌ನಲ್ಲೇ ಎದ್ದಿತ್ತು. ಸಂಸತ್ತಿನ ಪ್ರತಿ ಕಲಾಪ ಸಾಮಾನ್ಯವಾಗಿ ಯಾವುದರಿಂದ ಆರಂಭವಾಗುತ್ತದೆ ಎಂದು ಕೆಬಿಸಿಯಲ್ಲಿ ಕೇಳಲಾಗಿತ್ತು. ಸರಿಯುತ್ತರ 'ಪ್ರಶ್ನೋತ್ತರ ಅವಧಿ' ಎಂದು ಘೋಷಿಸಲಾಯಿತು. ಲೋಕಸಭೆಗೆ ಇದು ಸರಿ. ಆದರೆ ರಾಜ್ಯಸಭೆಯಲ್ಲಿ 2014ರ ನವೆಂಬರ್‌ನಿಂದ ಪ್ರಶ್ನೋತ್ತರ ಮಧ್ಯಾಹ್ನ 12 ಗಂಟೆಗೆ ಹೋಗಿದ್ದು, ಅದಕ್ಕೂ ಮೊದಲು ಶೂನ್ಯವೇಳೆ ನಡೆಯುತ್ತದೆ. ವೀಕ್ಷಕರೊಬ್ಬರು ಟ್ವಿಟರ್‌ನಲ್ಲಿ ಇದನ್ನೇ ಎತ್ತಿ ತೋರಿಸಿದರು. ನಿರ್ಮಾಪಕ ಸಿದ್ಧಾರ್ಥ ಬಸು ತಪ್ಪಾಗಿಲ್ಲ ಎಂದರು. ಉಭಯ ಸದನಗಳ ಸದಸ್ಯರ ಕೈಪಿಡಿ ನೋಡುವಂತೆ ಸೂಚಿಸಿದರು. ಚರ್ಚೆ ಅಲ್ಲಿಗೆ ಮುಗಿಯಿತು. ಪ್ರಶ್ನೆ ರೂಪಿಸಿದವರೇ ತೀರ್ಪನ್ನೂ ಕೊಟ್ಟಂತಾಯಿತು. ಸಮಸ್ಯೆ ಇರುವುದೇ ಇಲ್ಲಿ.

ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಮುಂಬೈ ಉಪನಗರ ಜಿಲ್ಲೆಯ ಗ್ರಾಹಕ ಆಯೋಗ ಇರುವುದು ಬಾಂದ್ರಾ ಪೂರ್ವದಲ್ಲಿ. ಆದರೆ ಸೋತ ಸ್ಪರ್ಧಿಗೆ ಆ ಬಾಗಿಲು ತೆರೆಯುವುದು ಸುಲಭವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಣ ಕೊಟ್ಟು ಅಥವಾ ಕೊಡುವುದಾಗಿ ಒಪ್ಪಿ ಸೇವೆ ಪಡೆದವರು ಗ್ರಾಹಕರು. ಹಾಟ್ ಸೀಟ್‌ಗೆ ಸ್ಪರ್ಧಿ ಶುಲ್ಕ ಕೊಟ್ಟಿರುವುದಿಲ್ಲ.

ಹಣ ಕೊಟ್ಟ ವೀಕ್ಷಕರ ಪರವಾಗಿ ಹೋರಾಡಿದ ಪ್ರಕರಣವೂ ನಿಲ್ಲಲಿಲ್ಲ. 2007ರ ಕೆಬಿಸಿ ವೇಳೆ ನಡೆದ 'ಹರ್ ಸೀಟ್ ಹಾಟ್ ಸೀಟ್' ಎಸ್‌ಎಂಎಸ್ ಸ್ಪರ್ಧೆಗೆ ಸಂಬಂಧಿಸಿ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಸ್ಟಾರ್ ಇಂಡಿಯಾ ಮತ್ತು ಏರ್‌ಟೆಲ್‌ಗೆ 1 ಕೋಟಿ ರೂ. ದಂಡನಾತ್ಮಕ ಪರಿಹಾರ ವಿಧಿಸಿತ್ತು. ಎಸ್‌ಎಂಎಸ್ ಶುಲ್ಕದಿಂದಲೇ ಬಹುಮಾನದ ಹಣ ಭರಿಸಲಾಗಿದೆ ಎಂಬುದಕ್ಕೆ ಸಾಕ್ಷ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶ ರದ್ದುಪಡಿಸಿತು.

ಉಳಿಯುವುದು ಸಿವಿಲ್ ಕೋರ್ಟ್. 'ನಮ್ಮ ತೀರ್ಮಾನವೇ ಅಂತಿಮ' ಎಂದು ಒಪ್ಪಂದದಲ್ಲಿ ಬರೆಸಿಕೊಂಡರೂ, ಕೋರ್ಟ್‌ಗೆ ಹೋಗುವ ಹಕ್ಕನ್ನೇ ಪೂರ್ತಿ ತಡೆಯುವ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಹಾಗಿದ್ದರೂ ದೊಡ್ಡ ವಾಹಿನಿಯ ಎದುರು ವರ್ಷಗಟ್ಟಲೆ ಕೋರ್ಟ್‌ಗೆ ಅಲೆಯುವ ಶಕ್ತಿ ಎಷ್ಟು ಮಂದಿಗಿದೆ?

ವಿದೇಶದಲ್ಲಿ ಏನಾಯಿತು?

ಕೆಬಿಸಿಯ ಮೂಲ ಬ್ರಿಟನ್‌ನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್'. 2006ರಲ್ಲಿ ಅಲ್ಲಿನ ವಿನ್ಯಾಸಕ ಲಾರೆನ್ಸ್ ಲೆವೆಲಿನ್-ಬೋವೆನ್ ದಂಪತಿ ಅಮೆರಿಕದ ಧ್ಯೇಯವಾಕ್ಯದ ಕುರಿತ ಕೊನೆಯ ಪ್ರಶ್ನೆಯಲ್ಲಿ ಸೋತು 4.68 ಲಕ್ಷ ಪೌಂಡ್ ಕಳೆದುಕೊಂಡರು. ಪ್ರಶ್ನೆ ಗೊಂದಲಕಾರಿ ಎಂದು ಒಪ್ಪಿಕೊಂಡ ನಿರ್ಮಾಪಕರು ಅವರನ್ನು ಮತ್ತೆ ಕರೆಸಿ ಹೊಸ ಪ್ರಶ್ನೆ ಕೊಟ್ಟರು. ದಂಪತಿ 5 ಲಕ್ಷ ಪೌಂಡ್‌ನೊಂದಿಗೆ ಆಟ ನಿಲ್ಲಿಸಿದರು. ಅಮೆರಿಕದಲ್ಲಿ ಹೀಗಾಗಲಿಲ್ಲ. ಅತಿ ಎತ್ತರದ ರಾಜಧಾನಿ ಯಾವುದು ಎಂಬ ಪ್ರಶ್ನೆಯ ಆಯ್ಕೆಗಳಲ್ಲಿ ಬೊಲಿವಿಯಾದ ಲಾ ಪಾಝ್ ಇರಲೇ ಇಲ್ಲ ಎಂದು ಸೋತ ಸ್ಪರ್ಧಿಯೊಬ್ಬರು ದಾವೆ ಹೂಡಿದರೂ ಕ್ಯಾಲಿಫೋರ್ನಿಯಾದ ಕೋರ್ಟ್ ಒಪ್ಪಲಿಲ್ಲ.

2012ರಲ್ಲಿ ಪುನೀತ್ ರಾಜ್‌ಕುಮಾರ್ ನಿರೂಪಣೆಯಲ್ಲಿ ಆರಂಭವಾದ 'ಕನ್ನಡದ ಕೋಟ್ಯಧಿಪತಿ'ಯೂ ಇದೇ ಮಾದರಿಯದ್ದು. ಹಾಗಾಗಿ ಈ ಪ್ರಶ್ನೆ ಹಿಂದಿ ವೀಕ್ಷಕರಿಗಷ್ಟೇ ಸೀಮಿತವಲ್ಲ. ಪ್ರಶ್ನೆಯ ಆಧಾರ ಬಹಿರಂಗಪಡಿಸುವುದು, ತಕರಾರು ಬಂದರೆ ಹೊರಗಿನ ವಿಷಯ ತಜ್ಞರಿಂದ ಪರಿಶೀಲಿಸುವುದು, ತಪ್ಪು ಸಾಬೀತಾದರೆ ಸ್ಪರ್ಧಿಯನ್ನು ಮತ್ತೆ ಹಾಟ್ ಸೀಟ್‌ಗೆ ಕರೆಯುವುದು: ಈ ಮೂರನ್ನು ಒಪ್ಪಂದದಲ್ಲೇ ಬರೆದರೆ ಸಾಕು. ಕೋಟಿಗಳ ಆಟ ನಡೆಸುವವರಿಗೆ ಇದೇನೂ ದೊಡ್ಡ ಹೊರೆಯಲ್ಲ.