ಹಿರಿಯರ ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮನೆಯ ಹೊಣೆ, ಸರ್ಕಾರದ ಹೊಣೆ

ದೇಹಭಾರದಿಂದ ಮಂಡಿ ಸವೆದು, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಜೊತೆಗೂಡಿ, ಮೇಲುಕೋಟೆಯ ಬೆಟ್ಟದ ಮೆಟ್ಟಿಲು ಹಾಗಿರಲಿ, ಮನೆಯ ಹೊಸ್ತಿಲನ್ನು ದಾಟುವುದಕ್ಕೂ ಆಯಾಸಪಡುವ ಹಿರಿಯರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದು ಅಪರೂಪವಲ್ಲ. ಅಂಥವರ ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ವಿಚಾರವನ್ನು ಕೇಳಿಬಂದಾಗ, ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಯಿಸುವುದೇಕೆ ಎಂದು ಕೆಲವರೂ, ಆಪರೇಷನ್ ಆಯಿತೆಂದರೆ ಎಲ್ಲವೂ ಸರಿಹೋದೀತೆಂದು ಕೆಲವರೂ ವಾದಿಸುವರು. ಎರಡೂ ಅಪೂರ್ಣ ತಿಳಿವಳಿಕೆಯಿಂದ ಹುಟ್ಟಿದ ಮಾತುಗಳು. ಶಸ್ತ್ರಕ್ರಿಯೆಯು ನಗರದ ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯತಕ್ಕದ್ದು. ಅದರ ಸಾಫಲ್ಯವಾದರೋ ಊರಿನ ಅಡುಗೆಮನೆಯಲ್ಲಿ, ಮನೆಯವರ ಶ್ರದ್ಧೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಜಾಗರೂಕತೆಯಲ್ಲಿ ನಿರ್ಧಾರವಾಗತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಯಲ್ಲ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತಮ್ಮ 21ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಅಕಾಲಮರಣಕ್ಕೀಡಾದ ಶೋಕವಾರ್ತೆಯನ್ನು ನೆನೆದು ಭಯಪಡುವವರು, ಅವರು ಒಳಗಾಗಿದ್ದುದು ಕೊಬ್ಬನ್ನು ತೆಗೆಯುವ ಕ್ರಮಕ್ಕೇ ಹೊರತು ಜಠರದ ಶಸ್ತ್ರಚಿಕಿತ್ಸೆಗಲ್ಲವೆಂಬುದನ್ನು ತಿಳಿಯಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಪ್ರವರ್ತಿಸಿದ ಗ್ಯಾಸ್ಟ್ರಿಕ್ ಬೈಪಾಸ್ ಕ್ರಮದಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ ಸಣ್ಣ ಕರುಳಿಗೆ ಜೋಡಿಸುವರು. ಈಗ ಹೆಚ್ಚು ಪ್ರಚಲಿತವಾದ ಸ್ಲೀವ್ ಕ್ರಮದಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ತೆಗೆದುಬಿಡುವರು. ಇದರಿಂದ ಹಸಿವು ತಗ್ಗಿ, ಉಣ್ಣುವ ಪ್ರಮಾಣ ಕುಗ್ಗಿ, ಅನೇಕರಲ್ಲಿ ಸಕ್ಕರೆ ಕಾಯಿಲೆಯೂ ಹತೋಟಿಗೆ ಬರುವುದು.

ವಯಸ್ಸೊಂದೇ ಇದಕ್ಕೆ ಅಡ್ಡಿಯಲ್ಲ. ಈ ಶಾಸ್ತ್ರದ ಅಮೆರಿಕನ್ ಮತ್ತು ಅಂತರರಾಷ್ಟ್ರೀಯ ವೈದ್ಯಸಂಘಗಳು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವಯಸ್ಸಿಗೆ ಮೇಲ್ಮಿತಿಯನ್ನು ವಿಧಿಸದೆ, ದೇಹದ ದೌರ್ಬಲ್ಯವನ್ನೇ ಮುಖ್ಯವಾಗಿ ಗಣಿಸಬೇಕೆನ್ನುತ್ತದೆ. ಅದು ಚಿಕಿತ್ಸೆಗೆ ಶಿಫಾರಸು ಮಾಡುವ ಬಿಎಂಐ, ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕ, 35; ಏಷ್ಯಾದವರಿಗಾದರೆ ಇನ್ನೂ ಕಡಿಮೆ. ಐದಡಿ ಎತ್ತರದ ಹೆಂಗಸು ಸುಮಾರು 81 ಕಿಲೋ ತೂಗಿದರೆ 35ರ ಅಂಕವನ್ನು ಮುಟ್ಟುವಳು. ಆದರೆ ಅಂಕವೊಂದನ್ನೇ ನಂಬಿ, ಹೃದಯ, ಶ್ವಾಸಕೋಶ, ಮೂತ್ರಪಿಂಡಗಳನ್ನೂ ನಡೆಯುವ ಶಕ್ತಿಯನ್ನೂ ಪರೀಕ್ಷಿಸದೆ, ಹಿರಿಯರ ಸ್ವಂತ ಒಪ್ಪಿಗೆಯನ್ನು ಪಡೆಯದೆ, ಮಕ್ಕಳ ಆತುರಕ್ಕಾಗಿ ಅವರನ್ನು ಶಸ್ತ್ರಕ್ಕೆ ಒಪ್ಪಿಸುವುದು ಧರ್ಮವಲ್ಲ.

ಮನೆಗೆ ಬಂದ ಮೇಲೆ ಆಹಾರದ ಕ್ರಮವೇ ಬೇರೆ. ಮೊದಲ ಒಂದೆರಡು ವಾರ ತಿಳಿಮಜ್ಜಿಗೆ, ಬೇಳೆಕಟ್ಟುಗಳನ್ನು ಗುಟುಕು ಗುಟುಕಾಗಿ ಕೊಟ್ಟು, ಆಮೇಲೆ ನುಣ್ಣಗೆ ಅರೆದದ್ದನ್ನೂ ಮೆತ್ತಗೆ ಬೆಂದದ್ದನ್ನೂ ಕ್ರಮವಾಗಿ ರೂಢಿಸಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಸೀಮೆಯ ಪದ್ಧತಿ; ಚಿಕಿತ್ಸೆಯಾದವರಿಗೆ ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ತಿನ್ನುವುದು ಅನಿವಾರ್ಯ, ಊಟದ ನಡುವೆ ನೀರು ನಿಷಿದ್ಧ. ಬೈಪಾಸ್ ಆದವರು ಕಬ್ಬಿನ ಹಾಲನ್ನೋ ಪಾಯಸವನ್ನೋ ಕುಡಿದರೆ ಬೆವರಿ, ಎದೆ ಬಡಿದುಕೊಂಡು, ತಲೆ ಸುತ್ತಬಹುದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿರುವುದೇ ಸುಮಾರು 6 ಗ್ರಾಂ; ಹಾಗಿರುವಾಗ ಬರಿಯ ರಾಗಿ ಅಂಬಲಿ ಸಾಲದು. ಪ್ರೋಟೀನು ಕೊರತೆಯಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗಿ, ತೂಕ ಇಳಿದರೂ ಎದ್ದು ನಿಲ್ಲುವ ತ್ರಾಣವಿಲ್ಲದಂತಾದೀತು. ಬೀಗರೂಟದ ಪಂಕ್ತಿಯಲ್ಲಿ "ಇನ್ನೊಂದು ತುತ್ತು ಉಣ್ಣಿ ಅತ್ತೆ" ಎಂದು ಬಲವಂತ ಮಾಡುವ ಪ್ರೀತಿಯನ್ನು ಇಂಥವರ ವಿಷಯದಲ್ಲಿ ನಾವು ತಡೆದುಕೊಳ್ಳಬೇಕು.

ಔಷಧದಲ್ಲಿಯೂ ಎಚ್ಚರ ಅಗತ್ಯ. ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ತಾವೇ ಕೇಳಿ ತರುವ ಮಾತ್ರೆಯಿಂದ, ಮುಖ್ಯವಾಗಿ ಬೈಪಾಸ್ ಆದವರಲ್ಲಿ, ಹುಣ್ಣಾಗಬಹುದು. ಸಕ್ಕರೆ ಕಾಯಿಲೆಯ ಔಷಧವನ್ನು ವೈದ್ಯರನ್ನು ಕೇಳದೆ ಹಿಂದಿನ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಅತಿಯಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಜ್ವರ, ನಾಡಿಯ ಅತಿವೇಗ, ಹೊಟ್ಟೆನೋವು, ಉಸಿರಾಟದ ಕಷ್ಟ, ನಿಲ್ಲದ ವಾಂತಿ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳ ಪೂರೈಕೆಯೂ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆಯೂ ಜೀವನಪರ್ಯಂತ ನಡೆಯಬೇಕಾದವು. ಇದಕ್ಕಾಗಿ ವೃದ್ಧರು ಪ್ರತಿಸಲವೂ ದೂರದ ನಗರಕ್ಕೆ ಬಸ್ಸು ಹತ್ತಬೇಕಾದರೆ, ಕಾಲಕ್ರಮದಲ್ಲಿ ಅವರು ಹೋಗುವುದನ್ನೇ ಬಿಟ್ಟುಬಿಡುವರು. ಆದಕಾರಣ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಹಾಗೂ ಪೂರೈಕೆಯ ವ್ಯವಸ್ಥೆಯಾಗಬೇಕು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜೂ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜೂ ಅವುಗಳಿಗೆ ಮಾರ್ಗದರ್ಶನ ನೀಡಬೇಕು. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳು ಪಥ್ಯದ ವಿವರವನ್ನೂ ಅಪಾಯದ ಲಕ್ಷಣಗಳನ್ನೂ ಕನ್ನಡದಲ್ಲಿ ಬರೆದುಕೊಟ್ಟೇ ರೋಗಿಯನ್ನು ಮನೆಗೆ ಕಳುಹಿಸಬೇಕು.

ಮಕ್ಕಳಲ್ಲಿ ನನ್ನ ವಿನಂತಿ ಇಷ್ಟೆ: ಆಪರೇಷನ್ನಿನ ಖರ್ಚನ್ನು ಲೆಕ್ಕ ಹಾಕುವ ಮೊದಲು, ಆ ಬಳಿಕ ಪ್ರತಿದಿನವೂ ಹಿರಿಯರ ಪಥ್ಯವನ್ನು ನೋಡಿಕೊಳ್ಳುವವರು ಮನೆಯಲ್ಲಿ ಯಾರೆಂಬುದನ್ನು ನಿಶ್ಚಯಿಸಿರಿ. ಅದಕ್ಕೆ ಉತ್ತರ ದೊರೆತ ಮೇಲೆಯೇ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿಸಿರಿ.