ಊರ್ವಶಿಯೋ, ಮಾಲಿನ ಮೇಲ್ಮಹಡಿಯೋ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಯಾವ ಸಿನಿಮಾ ಎನ್ನುವುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಎಲ್ಲಿ ನೋಡುವುದು ಎಂಬ ವ್ಯಾಜ್ಯ ಮಾತ್ರ ಮನೆ ಬಿಡುವ ತನಕ ಮುಗಿಯುವುದಿಲ್ಲ. ಮಗಳಿಗೆ ಮಾಲ್ ಆಗಬೇಕು, ಅಪ್ಪನ ಕಾಲು ತಾನಾಗಿ ಕೆ.ಜಿ. ರಸ್ತೆಯ ಕಡೆ ತಿರುಗುತ್ತದೆ, ಅಜ್ಜಿಗೆ ಮೆಟ್ಟಿಲು ಹತ್ತುವಂತಿಲ್ಲದಿದ್ದರೆ ಸಾಕು. ಮೂವರ ಮಾತಿನಲ್ಲೂ ಹುರುಳಿದೆ.

ದೊಡ್ಡ ಸ್ಟಾರ್‌ನ ಸಿನಿಮಾ ಬಿಡುಗಡೆಯಾದ ಮೊದಲ ಮೂರು ದಿನ ವಾದವೇ ಬೇಡ: ಏಕಪರದೆಗೆ ಎದುರಿಲ್ಲ. ಲಾಲ್‌ಬಾಗ್ ಹತ್ತಿರದ ಊರ್ವಶಿಯಂಥ, ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಮಂದಿರದಲ್ಲಿ ನಾಯಕನ ಎಂಟ್ರಿಗೆ ಏಳುವ ಶಿಳ್ಳೆಯನ್ನು ಯಾವ ಸ್ಪೀಕರ್ ಕೂಡ ಹುಟ್ಟಿಸಲಾರದು. ಹೊರಗೆ ಕಟೌಟು, ಹೂವಿನ ಹಾರ, ಪಟಾಕಿಯ ಹೊಗೆ. ಒಳಗೆ ಬಾಲ್ಕನಿಯಿಂದ ತೂರಿಬರುವ ಕಾಗದದ ಚೂರು. ಡೈಲಾಗು ಅರ್ಧಕ್ಕರ್ಧ ಕೇಳಿಸುವುದಿಲ್ಲ ನಿಜ. ಆದರೆ ಅಂಥ ಸಿನಿಮಾಕ್ಕೆ ಡೈಲಾಗು ಕೇಳಿಸಿಕೊಳ್ಳಲೆಂದೇ ಹೋಗುವವರು ಎಷ್ಟು ಮಂದಿ?

ಅದೇ ಏಕಪರದೆ ಎರಡನೇ ವಾರದ ಮಂಗಳವಾರ ಬೇರೆಯೇ ಜಾಗ. ಸಾವಿರ ಸೀಟಿನಲ್ಲಿ ಅರುವತ್ತು ಜನ. ತುಂಬಿದ ಮಂದಿರದಲ್ಲಿ ಜನರ ಮೈ, ಬಟ್ಟೆಯೇ ಸದ್ದನ್ನು ಹೀರಿಕೊಳ್ಳುತ್ತವೆ; ಖಾಲಿ ಮಂದಿರದಲ್ಲಿ ಅದೇ ಸದ್ದು ಗೋಡೆಗೆ ಬಡಿದು ಮರಳುತ್ತದೆ. ಪ್ರೊಜೆಕ್ಟರಿನ ಜೆನಾನ್ ದೀಪ ಉರಿದಷ್ಟೂ ಮಂಕಾಗುತ್ತ ಹೋಗುತ್ತದೆ. ಹೊಸದು ಹಾಕಿಸಲು ದುಡ್ಡು ಬೇಕು, ದುಡ್ಡಿಗೆ ಜನ ಬರಬೇಕು. ಊರ್ವಶಿಯಂತೆ ಸದ್ದು, ಬೆಳಕು ಎರಡಕ್ಕೂ ಹಣ ಸುರಿದ ಮಂದಿರಗಳು ಬೆರಳೆಣಿಕೆಯಷ್ಟು. ಕೆಲವೆಡೆ ರಾತ್ರಿಯ ದೃಶ್ಯವೆಂದರೆ ಪರದೆಯ ಮೇಲೆ ಬರೀ ಕಪ್ಪು. ಶೌಚಾಲಯದ ಮಾತು ಬೇಡ. ಹೆಂಗಸರು ಮಲ್ಟಿಪ್ಲೆಕ್ಸೇ ವಾಸಿ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಮಲ್ಟಿಪ್ಲೆಕ್ಸ್ ಮಾರುವುದು ಅನಿಶ್ಚಿತತೆ ಇಲ್ಲದ ಸಂಜೆಯನ್ನು. ಸೀಟು ಮೊದಲೇ ಗೊತ್ತು, ಮುಂದಿನವರ ತಲೆ ಅಡ್ಡ ಬರುವುದಿಲ್ಲ, ಲಿಫ್ಟ್ ಇದೆ, ಗಾಲಿಕುರ್ಚಿ ಒಳಗೆ ಹೋಗುತ್ತದೆ. ಮೆಲುದನಿಯಲ್ಲಿ ಮಾತಾಡುವ ಸಿನಿಮಾ ಆದರೆ ನೂರೈವತ್ತು ಸೀಟಿನ ಆ ಕೋಣೆಯೇ ಸರಿ. ಇದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ವಾರಾಂತ್ಯದಲ್ಲಿ ನಾಲ್ವರ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿದರೆ ಮಧ್ಯಮ ವರ್ಗದ ಮನೆ ಮುಂದಿನ ತಿಂಗಳ ಸಿನಿಮಾವನ್ನು ಒಟಿಟಿಗೆ ಬಿಟ್ಟುಬಿಡುತ್ತದೆ.

ಈ ದರದ ಜಗಳ ಸರ್ಕಾರದ ತನಕ ಹೋದದ್ದು ಓದುಗರಿಗೆ ನೆನಪಿರಬಹುದು. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ, ಎಲ್ಲ ಚಿತ್ರಮಂದಿರಗಳಿಗೂ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ಮಾತ್ರ ವಿನಾಯಿತಿ. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಮಲ್ಟಿಪ್ಲೆಕ್ಸ್‌ನವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ: ಮಾಲಿನ ಬಾಡಿಗೆ, ಲೇಸರ್ ಪ್ರೊಜೆಕ್ಟರು, ಹವಾನಿಯಂತ್ರಣದ ಖರ್ಚು ಎಲ್ಲ ಪರದೆಗೂ ಒಂದೇ ಅಲ್ಲ, ದರ ಮಾತ್ರ ಹೇಗೆ ಒಂದೇ ಆಗಬೇಕು? ನೋಡುಗರ ಉತ್ತರವೂ ಅಷ್ಟೇ ಗಟ್ಟಿ: ಬೇಡಿಕೆ ಇದೆಯೆಂದು ಬೆಳಗಿನ ದರ ಸಂಜೆಗೆ ದುಪ್ಪಟ್ಟಾಗುವಾಗ ಖರ್ಚಿನ ಲೆಕ್ಕ ಎಲ್ಲಿ ಹೋಯಿತು?

ತಿಂಡಿಯದು ಇನ್ನೊಂದು ರಗಳೆ. ಹೊರಗಿನ ತಿನಿಸನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕಿದೆ, ಆದರೆ ಕುಡಿಯುವ ಶುದ್ಧ ನೀರನ್ನು ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನೀರು ಎಲ್ಲಿದೆ ಎಂದು ಕೇಳಿ ನೋಡಿ, ಬಾಟಲಿ ಮಾರುವ ಕೌಂಟರಿನತ್ತ ಕೈ ತೋರಿಸುವವರೂ ಇದ್ದಾರೆ. ಊರ್ವಶಿಗೆ ಹೋಗುವವರಿಗೆ ಈ ತಾಪತ್ರಯ ಕಡಿಮೆ. ಆಟಕ್ಕೆ ಮೊದಲೇ ಎಂಟಿಆರ್‌ನಲ್ಲೋ ವಿ.ವಿ. ಪುರದ ತಿಂಡಿ ಬೀದಿಯಲ್ಲೋ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ.

ಕನ್ನಡ ಸಿನಿಮಾಕ್ಕೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಬಂದಾಗ ನನಗೆ ಸುಲಭದ ಉತ್ತರ ಸಿಕ್ಕಿಲ್ಲ. ಏಕಪರದೆಯಲ್ಲಿ ನೋಡಿದರೆ ಕನ್ನಡಕ್ಕೆ ಬೆಂಬಲ ಕೊಟ್ಟಂತೆ ಎಂಬುದು ವಾಡಿಕೆಯ ನಂಬಿಕೆ. ಆದರೆ ಕರ್ನಾಟಕದ ಬಹಳಷ್ಟು ಏಕಪರದೆಗಳು ನಡೆದುಬಂದದ್ದು ವಾರದ ಬಾಡಿಗೆಯ ಮೇಲೆ. ಜನ ಬಂದರೂ ಬರದಿದ್ದರೂ ಮಂದಿರಕ್ಕೆ ಬಾಡಿಗೆ ಸಲ್ಲಬೇಕು, ನಷ್ಟವೆಲ್ಲ ನಿರ್ಮಾಪಕನ ತಲೆಗೆ. ಅದಕ್ಕೇ ಶೇಕಡಾವಾರು ಪದ್ಧತಿ ಬರಲಿ ಎಂದು ನಿರ್ಮಾಪಕರು ಪದೇ ಪದೇ ಕೇಳಿದ್ದಾರೆ. ಮಲ್ಟಿಪ್ಲೆಕ್ಸ್‌ಗಳಲ್ಲಿ ಇರುವುದು ಆ ಪದ್ಧತಿಯೇ: ಮೊದಲ ವಾರದ ಗಳಿಕೆಯಲ್ಲಿ ಸುಮಾರು ಅರ್ಧ ಸಿನಿಮಾದವರಿಗೆ, ಮುಂದಿನ ವಾರಗಳಲ್ಲಿ ಆ ಪಾಲು ಇಳಿಯುತ್ತದೆ. ಹೊಸಬರ ಸಣ್ಣ ಸಿನಿಮಾಕ್ಕೆ ಇದು ಉಸಿರಾಡುವ ಜಾಗ. 2013ರ ‘ಲೂಸಿಯಾ’, 2016ರ ‘ತಿಥಿ’ಯಂಥವು ಸಾವಿರ ಸೀಟಿಗಿಂತ ಸಣ್ಣ ಪರದೆಗೇ ಹೊಂದುವ ಚಿತ್ರಗಳು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೀರಿ ಓಡಿತು. ಮಾಲಿಗೆ ಕನ್ನಡ ಒಗ್ಗದು ಎಂದವರ ಬಾಯಿ ಮುಚ್ಚಿಸಿದ್ದು ಅದೇ.

ಹಾಗಂತ ಮಾಲನ್ನು ಕನ್ನಡದ ಪೋಷಕ ಎನ್ನಲೂ ಆಗದು. ಬೇರೆ ಭಾಷೆಯ ದೊಡ್ಡ ಚಿತ್ರ ಬಂದ ವಾರ ಕನ್ನಡಕ್ಕೆ ಸಿಗುವುದು ಬೆಳಗಿನ ಆಟ, ಇಲ್ಲವೇ ರಾತ್ರಿ ಹನ್ನೊಂದರ ಹತ್ತಿರದ ಆಟ. ಜನ ಬರಲಿಲ್ಲವೆಂದು ಸೋಮವಾರಕ್ಕೆ ಅದನ್ನೂ ತೆಗೆಯುತ್ತಾರೆ. ಬರುವ ಹೊತ್ತನ್ನೇ ಕೊಡದೆ ಬರಲಿಲ್ಲ ಎನ್ನುವುದು ಯಾವ ನ್ಯಾಯ? ಏಕಪರದೆಯೋ ಬಾಡಿಗೆ ಪಡೆದ ಮೇಲೆ ವಾರ ಪೂರ್ತಿ, ಒಳ್ಳೆಯ ಹೊತ್ತಿನ ಆಟವೂ ಸೇರಿ, ಆ ಸಿನಿಮಾವನ್ನೇ ಹಾಕುತ್ತದೆ.

ಆಯ್ಕೆಯೇ ಉಳಿಯುತ್ತದೆಯೇ ಎಂಬುದೂ ಇದೆ. ಸಿನೆರಮಾಗೆ ಹೆಸರಾಗಿದ್ದ ಕಪಾಲಿ 1968ರಲ್ಲಿ ತೆರೆದು ಅರ್ಧ ಶತಮಾನದ ಹೊತ್ತಿಗೆ ನೆಲಸಮವಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು, 1974ರ ಕಾವೇರಿ 2024ರಲ್ಲಿ. ಇವುಗಳಿಗೆಲ್ಲ ಪ್ರೇಕ್ಷಕರೇ ಕೈಕೊಟ್ಟರು ಎನ್ನುವುದು ಅರ್ಧ ಸತ್ಯ. ನಗರದ ನಡುವೆ ನಿಂತ ಮಂದಿರದ ನೆಲಕ್ಕೆ ಇರುವ ಬೆಲೆಯನ್ನು ದಿನಕ್ಕೆ ನಾಲ್ಕು ಆಟದಿಂದ ದುಡಿಯಲಾಗದು.

ಇನ್ನು ಮನೆಗೆ ಮರಳುವ ಮಾತು. ಟಿಕೆಟ್ ಕಾದಿರಿಸುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಎಷ್ಟೋ ಏಕಪರದೆಗಳಲ್ಲಿ ಕೊನೆಯ ಆಟ ಏಳೂವರೆಯ ಆಸುಪಾಸು. 168 ನಿಮಿಷದ ‘ಕೆಜಿಎಫ್ 2’ರಂಥ ಉದ್ದದ ಸಿನಿಮಾ ಆದರೂ ಹತ್ತೂವರೆಗೆ ಹೊರಗೆ ಬರಬಹುದು, ಮೆಟ್ರೊ ಇನ್ನೂ ಓಡುತ್ತಿರುತ್ತದೆ. ಮಾಲಿನ ಹತ್ತೂಕಾಲರ ಆಟ ಬಿಡುವುದು ನಡುರಾತ್ರಿಯ ಒಂದಕ್ಕೆ. ಆಮೇಲೆ ಆಟೊದವರು ಹೇಳಿದ್ದೇ ದರ. ಸ್ವಂತ ಗಾಡಿ ಇದ್ದವರಿಗೆ ಲೆಕ್ಕ ತಿರುಗುಮುರುಗು: ಮಾಲಿನಲ್ಲಿ ನೆಲಮಾಳಿಗೆಯಿದೆ, ಗಾಂಧಿನಗರದಲ್ಲಿ ಕಾರು ನಿಲ್ಲಿಸುವುದೇ ಒಂದು ಸಾಹಸ.

ನನ್ನನ್ನು ಕೇಳಿದರೆ, ಮೊದಲ ವಾರದ ಗದ್ದಲದ ಸಿನಿಮಾಕ್ಕೆ ಏಕಪರದೆಯ ಏಳೂವರೆಯ ಆಟ, ಮೆಟ್ರೊದಲ್ಲಿ ಹೋಗಿ ಮೆಟ್ರೊದಲ್ಲಿ ಬರುವುದು. ಹೊಸಬರ ಸಣ್ಣ ಕನ್ನಡ ಸಿನಿಮಾವನ್ನು ಮಲ್ಟಿಪ್ಲೆಕ್ಸ್‌ನಲ್ಲಿ, ಅದೂ ಶುಕ್ರವಾರ ಅಥವಾ ಶನಿವಾರವೇ, ಎಂಥ ಹೊತ್ತಿನ ಆಟ ಕೊಟ್ಟಿದ್ದರೂ ಸರಿ. ಸೋಮವಾರ ಯಾವುದು ಉಳಿಯಬೇಕೆಂದು ಅವರು ಲೆಕ್ಕ ಹಾಕುವುದು ಆ ಮೂರು ದಿನಗಳ ಟಿಕೆಟ್ ನೋಡಿಯೇ. ಅಜ್ಜಿ ಜೊತೆಗಿದ್ದರೆ ಈ ತರ್ಕವೆಲ್ಲ ಬದಿಗೆ, ಲಿಫ್ಟ್ ಇರುವಲ್ಲಿಗೆ ನಡೆಯಿರಿ.